ತೊರಗಲ್ ಭಾಗದ ಚಿತ್ರ ದಫ್ತರ: ಪ್ರಚಾರ ತಂಡಗಳಿಗೆ ಡಿಜಿಟಲ್ ಕಡತ ನಿರ್ವಹಣೆಯ ಕೈಪಿಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಸೇರಿದ ತೊರಗಲ್ ಭಾಗದಲ್ಲಿ ಪ್ರಚಾರದ ಚಿತ್ರಗಳಿಗೆ ಬರವಿಲ್ಲ. ಅಕ್ಟೋಬರ್ 23ರಿಂದ 25ರವರೆಗೆ ನಡೆಯುವ ಕಿತ್ತೂರು ಉತ್ಸವ, ಜನವರಿಯ ಸಂಗೊಳ್ಳಿ ರಾಯಣ್ಣ ಉತ್ಸವ, ಹುಣ್ಣಿಮೆಯಿಂದ ಹುಣ್ಣಿಮೆಗೆ ಜನಸಾಗರ ಸೇರುವ ಯಲ್ಲಮ್ಮನಗುಡ್ಡ, ಗೊಡಚಿಯ ವೀರಭದ್ರನ ಜಾತ್ರೆ, ಸೊಗಲದ ಜಲಪಾತ, ನವಿಲುತೀರ್ಥದ ಅಣೆಕಟ್ಟು, ರಾಮದುರ್ಗದ ಕೈಮಗ್ಗಗಳು, ಬೈಲಹೊಂಗಲ ಕಡೆಯ ಬೆಲ್ಲದ ಗಾಣಗಳು ಇವೆಲ್ಲವೂ ವರ್ಷವಿಡೀ ಕ್ಯಾಮೆರಾದ ಮುಂದೆ ಬರುತ್ತಲೇ ಇರುತ್ತವೆ. ಚಿತ್ರ ತೆಗೆಯುವವರು ಹೆಚ್ಚಾದಷ್ಟೂ ಬೇಕಾದ ಚಿತ್ರ ಬೇಕಾದ ಹೊತ್ತಿಗೆ ಕೈಗೆ ಸಿಗುವುದು ಕಡಿಮೆಯಾಗುತ್ತಿರುವುದು ಉತ್ಸವ ಸಮಿತಿಗಳು, ದೇವಸ್ಥಾನದ ಆಡಳಿತಗಳು, ನೇಕಾರರ ಸಹಕಾರ ಸಂಘಗಳು ಮತ್ತು ಸಣ್ಣ ವ್ಯಾಪಾರಿಗಳ ಪ್ರಚಾರ ತಂಡಗಳೆಲ್ಲ ಎದುರಿಸುವ ಸಮಸ್ಯೆಯಾಗಿದೆ. ಇದಕ್ಕೆ ಪರಿಹಾರವಾಗಿ ದುಬಾರಿ ತಂತ್ರಾಂಶವನ್ನು ಕೊಳ್ಳುವ ಆಲೋಚನೆ ಮೊದಲು ಬರುವುದು ಸಹಜವಾದರೂ, ಚಿತ್ರ ತೆಗೆದ ದಿನವೇ ಅದರ ಹೆಸರು, ದಿನಾಂಕ, ಸ್ಥಳ, ತೆಗೆದವರು ಮತ್ತು ಬಳಕೆಯ ಅನುಮತಿ ಎಂಬ ಐದು ಸಂಗತಿಗಳನ್ನು ಬರೆದಿಡುವ ರೂಢಿಯಿಲ್ಲದ ಕಡೆ ಯಾವ ತಂತ್ರಾಂಶವೂ ನೆರವಿಗೆ ಬಾರದು.

ಕಡತ ಎಂಬ ಪದದ ಇತಿಹಾಸವನ್ನು ಇಲ್ಲಿ ನೆನೆಯಬಹುದು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲನ್ನು ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಪುಸ್ತಕವೇ ಕಡತ. ಅದರಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಲು ಬರುತ್ತಿತ್ತು. ಶಾಶ್ವತವಾಗಿ ಉಳಿಯಬೇಕಾದದ್ದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಸುಗಂಧವರ್ತಿಯನ್ನು, ಅಂದರೆ ಇಂದಿನ ಸವದತ್ತಿಯನ್ನು, ರಾಜಧಾನಿಯಾಗಿಸಿಕೊಂಡು ಕೂಂಡಿ ಮೂರುಸಾವಿರ ನಾಡನ್ನು ಆಳಿದ ರಟ್ಟರ ಕಾಲದ ದಾನಶಾಸನವೊಂದನ್ನು ಓದಿದರೆ ಶಕವರ್ಷ, ತಿಥಿ, ವಾರ, ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ ಎಲ್ಲವೂ ಕ್ರಮವಾಗಿ ದೊರೆಯುತ್ತವೆ. ಇಂದು ಗಣಕ ಪರಿಭಾಷೆಯಲ್ಲಿ ಮೆಟಾಡೇಟಾ ಎಂದು ಕರೆಯುವ ಮಾಹಿತಿ, ಅಂದರೆ ಒಂದು ವಸ್ತುವಿನ ಕುರಿತು ಅದರ ಜೊತೆಯಲ್ಲೇ ಇರುವ ವಿವರ, ಇದಕ್ಕಿಂತ ಬೇರೆಯಲ್ಲ. ಈ ದೃಷ್ಟಿಯಿಂದ ಮೊಬೈಲಿನಲ್ಲಿರುವ ಹೆಸರಿಲ್ಲದ ಸಾವಿರಾರು ಚಿತ್ರಗಳು ಇನ್ನೂ ಕಡತದ ಸ್ಥಿತಿಯಲ್ಲಿವೆ, ಶಾಸನದ ಸ್ಥಿತಿಗೆ ಏರಿಲ್ಲ.

ಸಂಘಟನೆಯ ಮೊದಲ ಹೆಜ್ಜೆ ಕಡತಕೋಶಗಳ, ಅಂದರೆ ಫೋಲ್ಡರ್‌ಗಳ, ವ್ಯವಸ್ಥೆ. ಹೆಚ್ಚಿನ ಕಡೆ ಕೋಶಗಳಿಗೆ ಚಿತ್ರ ತೆಗೆದವರ ಹೆಸರನ್ನೋ ಉಪಕರಣದ ಹೆಸರನ್ನೋ ಇಟ್ಟಿರುವುದರಿಂದ, ಆ ವ್ಯಕ್ತಿ ಕೆಲಸ ಬಿಟ್ಟ ಮೇಲೆ ಒಳಗಿರುವುದು ಏನೆಂದು ಯಾರಿಗೂ ತಿಳಿಯದಂತಾಗುತ್ತದೆ. ಮೊದಲು ವರ್ಷ, ಅದರೊಳಗೆ ಘಟನೆ ಅಥವಾ ಉತ್ಪನ್ನ, ಅದರೊಳಗೆ ಮೂಲ, ಕೆಲಸ ಮತ್ತು ಅಂತಿಮ ಎಂಬ ಮೂರು ಕೋಶಗಳು ಎಂಬ ಕ್ರಮ ಸಣ್ಣ ತಂಡಕ್ಕೆ ಸಾಕಾಗುತ್ತದೆ. ಮೂಲ ಕೋಶಕ್ಕೆ ಕ್ಯಾಮೆರಾದಿಂದ ಬಂದ ಪ್ರತಿ ಇದ್ದಂತೆಯೇ ಸೇರಬೇಕು, ಅದನ್ನು ತಿದ್ದುವ ಹಕ್ಕು ಯಾರಿಗೂ ಇರಬಾರದು. ಬಣ್ಣ ಸರಿಪಡಿಸುವುದು, ಕತ್ತರಿಸುವುದು, ಅಕ್ಷರ ಕೂಡಿಸುವುದು ಕೆಲಸದ ಕೋಶದಲ್ಲಿ ನಡೆಯಬೇಕು. ಫ್ಲೆಕ್ಸಿಗೆ, ಕರಪತ್ರಕ್ಕೆ, ಸಾಮಾಜಿಕ ಮಾಧ್ಯಮಕ್ಕೆ ಹೋದ ಪ್ರತಿಗಳು ಮಾತ್ರ ಅಂತಿಮದಲ್ಲಿ ಉಳಿಯಬೇಕು. ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಎಂಬ ಹೆಸರುಗಳ ಸಾಲು ಬೆಳೆಯುವುದನ್ನು ತಡೆಯಲು ಹೆಸರಿನ ಕೊನೆಗೆ 01, 02 ಎಂದು ಆವೃತ್ತಿಯ ಸಂಖ್ಯೆಯನ್ನು ಹಾಕಿದರೆ ಸಾಕು.

ಕಡತದ ಹೆಸರು ದಿನಾಂಕದಿಂದ ಆರಂಭವಾಗಬೇಕು, ಮತ್ತು ಆ ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಇರಬೇಕು. ಗಣಕವು ಹೆಸರುಗಳನ್ನು ಎಡದಿಂದ ಒಂದೊಂದೇ ಅಂಕಿಯಾಗಿ ಹೋಲಿಸಿ ಜೋಡಿಸುವುದರಿಂದ ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳು ಒಂದೆಡೆ ಸೇರಿ ಕಾಲಕ್ರಮ ಕೆಡುತ್ತದೆ. 20241023 ಎಂದು ಬರೆದರೆ ಕಿತ್ತೂರು ವಿಜಯದ 200ನೇ ವರ್ಷಾಚರಣೆಯ ಮೊದಲ ದಿನದ ಚಿತ್ರಗಳು ತಾವಾಗಿಯೇ ತಮ್ಮ ಸ್ಥಾನಕ್ಕೆ ಬಂದು ನಿಲ್ಲುತ್ತವೆ. ಕಿತ್ತೂರು ಉತ್ಸವಕ್ಕೆ ನಿಶ್ಚಿತ ತಾರೀಖು ಇದೆ, ಯಲ್ಲಮ್ಮನ ಜಾತ್ರೆಗಳಿಗೆ ಇಲ್ಲ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ ಇವು ಚಾಂದ್ರಮಾನಕ್ಕೆ ಅನುಗುಣವಾಗಿ ಪ್ರತಿವರ್ಷ ಬೇರೆ ಬೇರೆ ತಾರೀಖಿಗೆ ಬರುವುದರಿಂದ ದಿನಾಂಕದ ಜೊತೆಗೆ ಹುಣ್ಣಿಮೆಯ ಹೆಸರೂ ಇರಲೇಬೇಕು. ಹಾಗೆ 20250212_ಸವದತ್ತಿ_ಭಾರತಹುಣ್ಣಿಮೆ_ಪಡ್ಡಲಗಿ_007 ಎಂಬ ಹೆಸರನ್ನು ಓದಿದವರಿಗೆ ಚಿತ್ರವನ್ನು ತೆರೆಯದೆಯೇ ಒಳಗಿನದು ತಿಳಿಯುತ್ತದೆ.

ಕನ್ನಡ ಲಿಪಿಯಲ್ಲಿ ಹೆಸರಿಡಲು ಇಂದಿನ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಯಾವುದರಲ್ಲೂ ಅಡ್ಡಿಯಿಲ್ಲ. ಯುನಿಕೋಡ್‌ನ ರೂಢಿಯ ಶೇಖರಣಾ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಜಾಗವನ್ನು ತಿನ್ನುವುದರಿಂದ ಹೆಸರು ಚಿಕ್ಕದಾಗಿದ್ದರೆ ಒಳ್ಳೆಯದು ಎಂಬುದಷ್ಟೇ ಮಿತಿ. ನಿಜವಾದ ತೊಡಕು ಕಾಗುಣಿತದಲ್ಲಿದೆ. ಸವದತ್ತಿ ಮತ್ತು ಸೌಂದತ್ತಿ, ಯಲ್ಲಮ್ಮ ಮತ್ತು ಎಲ್ಲಮ್ಮ, ಚನ್ನಮ್ಮ ಮತ್ತು ಚೆನ್ನಮ್ಮ, ಪಡ್ಡಲಗಿ ಮತ್ತು ಪಡಲಗಿ, ರಾಮದುರ್ಗ ಮತ್ತು ರಾಮದುರ್ಗಾ ಎಂದು ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಈ ಭೇದಗಳು ಇನ್ನೂ ಹೆಚ್ಚುತ್ತವೆ. 2014ರ ನವೆಂಬರ್ 1ರಂದು ಬೆಳಗಾವಿಯ ಅಧಿಕೃತ ಹೆಸರು ಬದಲಾದ ಮೇಲೆ ಹಳೆಯ ಮತ್ತು ಹೊಸ ಕಡತಗಳು ಹುಡುಕಾಟದಲ್ಲಿ ಎರಡು ಗುಂಪಾಗಿ ಒಡೆದಿವೆ. ಮನುಷ್ಯನ ಕಣ್ಣಿಗೆ ಇಂತಹ ಪ್ರತಿಯೊಂದು ಜೋಡಿಯೂ ಒಂದೇ ಹೆಸರು, ಗಣಕಕ್ಕೆ ಬೇರೆ ಬೇರೆ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಕಣ್ಣಿಗೂ ಕಾಣದ ದೋಷ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಒಂದೇ ಬಗೆಯ ದುಂಡನೆಯ ಗುರುತುಗಳಾದ್ದರಿಂದ ಬೆರಳಚ್ಚಿಸುವವರು ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿಬಿಡುವುದುಂಟು. ಹಾಗೆ ಬರೆದ ‘ಬೈಲಹೊ೦ಗಲ’ವು ಫ್ಲೆಕ್ಸಿನ ಮೇಲೆ ಸರಿಯಾಗಿಯೇ ಕಂಡರೂ, ಸರಿಯಾದ ಅನುಸ್ವಾರದಿಂದ ಬರೆದ ‘ಬೈಲಹೊಂಗಲ’ವನ್ನು ಹುಡುಕಿದಾಗ ಎಂದಿಗೂ ಸಿಗುವುದಿಲ್ಲ. ಅದೇ ಹೆಸರಿನ ‘ಹೊ’ ಅಕ್ಷರದಲ್ಲಿ ಇನ್ನೊಂದು ಗುಟ್ಟಿದೆ: ಒತ್ವದ ಚಿಹ್ನೆಯನ್ನು ಯುನಿಕೋಡ್ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಣೆಯಾಗಿಯೂ ಒಪ್ಪುತ್ತದೆ, ಎರಡೂ ಪರದೆಯ ಮೇಲೆ ಒಂದೇ ಆಗಿ ಕಾಣುತ್ತವೆ, ಆದರೆ ಇವೆರಡನ್ನೂ ಸಮವೆಂದು ತಿಳಿಯದ ತಂತ್ರಾಂಶದಲ್ಲಿ ಹುಡುಕಾಟ ಸೋಲುತ್ತದೆ. ತಂಡದವರೆಲ್ಲರೂ ಒಂದೇ ಕೀಲಿಮಣೆಯ ವಿನ್ಯಾಸವನ್ನು ಬಳಸುವುದು ಮತ್ತು ಊರು, ದೇವರು, ಹಬ್ಬ, ಉತ್ಪನ್ನಗಳ ಹೆಸರುಗಳ ಒಪ್ಪಿತ ರೂಪವನ್ನು ಒಂದು ಪಟ್ಟಿಯಲ್ಲಿಟ್ಟು ಅಲ್ಲಿಂದಲೇ ನಕಲಿಸಿ ಅಂಟಿಸುವುದು ಇದಕ್ಕಿರುವ ಸುಲಭ ಉಪಾಯ. ಗ್ರಂಥಾಲಯ ಶಾಸ್ತ್ರದಲ್ಲಿ ಇಂತಹ ಪಟ್ಟಿಯನ್ನು ನಿಯಂತ್ರಿತ ಪದಕೋಶ ಎನ್ನುತ್ತಾರೆ. ಪಟ್ಟಿಯಲ್ಲಿ ಯಾವ ರೂಪವನ್ನು ಆರಿಸಲಾಗಿದೆ ಎಂಬುದು ಮುಖ್ಯವಲ್ಲ, ಒಂದನ್ನೇ ಆರಿಸಿರುವುದು ಮುಖ್ಯ.

ಹಳೆಯ ವಿನ್ಯಾಸ ಕಡತಗಳದು ಬೇರೆಯೇ ಕಥೆ. ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ಹೊದಿಸಿ ಕೆಲಸ ಮಾಡುತ್ತಿದ್ದವು. ಮುದ್ರಣಾಲಯಗಳಲ್ಲಿ ಮತ್ತು ಫ್ಲೆಕ್ಸ್ ಅಂಗಡಿಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ಅದೇ ಫಾಂಟ್ ಇಲ್ಲದ ಗಣಕದಲ್ಲಿ ಇಂತಹ ಕಡತವನ್ನು ತೆರೆದರೆ ಉತ್ಸವದ ಆಮಂತ್ರಣವೆಲ್ಲ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತದೆ. ಆದಕಾರಣ ಕೋರಲ್‌ಡ್ರಾ ಅಥವಾ ಪೇಜ್‌ಮೇಕರ್‌ನಲ್ಲಿ ಸಿದ್ಧವಾದ ಪ್ರತಿಯೊಂದು ವಿನ್ಯಾಸವನ್ನೂ ಮೂರು ರೂಪಗಳಲ್ಲಿ ಪಡೆಯುವ ಕರಾರನ್ನು ವಿನ್ಯಾಸಕಾರರೊಡನೆ ಮೊದಲೇ ಮಾಡಿಕೊಳ್ಳಬೇಕು: ಮತ್ತೆ ತಿದ್ದಲು ಬರುವ ಮೂಲ ಕಡತ, ಅಕ್ಷರಗಳನ್ನು ರೇಖಾಚಿತ್ರಗಳನ್ನಾಗಿ ಪರಿವರ್ತಿಸಿದ ಪಿಡಿಎಫ್, ಮತ್ತು ಅದರಲ್ಲಿರುವ ಪಠ್ಯವಷ್ಟೂ ಯುನಿಕೋಡ್‌ನಲ್ಲಿರುವ ಸಾದಾ ಕಡತ. ಮೂರನೆಯದನ್ನು ಕೇಳುವವರು ಕಡಿಮೆ. ಮರುವರ್ಷ ಅದೇ ಪಠ್ಯವನ್ನು ಹುಡುಕಲು, ತಿದ್ದಲು, ಜಾಲತಾಣಕ್ಕೆ ಹಾಕಲು ಬಳಕೆಗೆ ಬರುವುದು ಅದೇ.

ಹೆಸರಿನಲ್ಲಿ ಹಿಡಿಸದ ವಿವರಗಳು ಚಿತ್ರದ ಒಳಗೇ ಸೇರಬೇಕು. ಕ್ಯಾಮೆರಾ ತಾನಾಗಿಯೇ ದಾಖಲಿಸುವ ಸಮಯ, ಮಸೂರ, ಕೆಲವೊಮ್ಮೆ ಸ್ಥಳದ ಅಕ್ಷಾಂಶ ಮತ್ತು ರೇಖಾಂಶ ಇವುಗಳಿಗೆ ಎಕ್ಸಿಫ್ ಎಂದೂ, ಸುದ್ದಿಸಂಸ್ಥೆಗಳ ಬಳಕೆಗಾಗಿ ರೂಪುಗೊಂಡ ಶೀರ್ಷಿಕೆ, ವಿವರಣೆ, ತೆಗೆದವರ ಹೆಸರು, ಹಕ್ಕಿನ ಸೂಚನೆ, ಹುಡುಕುಪದ ಎಂಬ ಅಂಕಣಗಳಿಗೆ ಐಪಿಟಿಸಿ ಎಂದೂ ಹೆಸರು. ಎರಡನೆಯದನ್ನು ಮನುಷ್ಯರೇ ತುಂಬಬೇಕು. ಹಾಗೆ ತುಂಬಿದ ಶ್ರಮವನ್ನೆಲ್ಲ ಕ್ಷಣದಲ್ಲಿ ಅಳಿಸುವ ಸಾಧನ ವಾಟ್ಸ್‌ಆ್ಯಪ್: ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ ಅದು ಗಾತ್ರವನ್ನು ಕುಗ್ಗಿಸುವುದಲ್ಲದೆ ಒಳಗಿನ ವಿವರಗಳನ್ನೂ ಕಳಚಿ, ಹೆಸರನ್ನೂ ಬದಲಿಸುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಪ್ರತಿ ಹಾಗೆಯೇ ತಲುಪುತ್ತದೆ. ಜಾತ್ರೆಯ ದಿನ ಹತ್ತು ಜನ ಕಾರ್ಯಕರ್ತರು ಗುಂಪಿಗೆ ಚಿತ್ರ ಹಾಕುವ ಪದ್ಧತಿಯಿರುವ ತಂಡಗಳು ಈ ಒಂದು ಬದಲಾವಣೆಯಿಂದಲೇ ಆರಂಭಿಸಬಹುದು.

ಹಕ್ಕು ಮತ್ತು ಅನುಮತಿಯ ವಿಷಯವನ್ನು ಪ್ರಚಾರ ತಂಡಗಳು ಹೆಚ್ಚು ಕಡೆಗಣಿಸುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ ಆಗಿರುತ್ತಾರೆ. ಆದರೆ ಯಾರೋ ಹವ್ಯಾಸಿ ಪ್ರೀತಿಯಿಂದ ಕಳುಹಿಸಿದ ಚಿತ್ರದ ಹಕ್ಕು ಆ ಹವ್ಯಾಸಿಯದೇ, ಗುಂಪಿಗೆ ಬಂದ ಮಾತ್ರಕ್ಕೆ ಅದು ಸಮಿತಿಯ ಸ್ವತ್ತಾಗುವುದಿಲ್ಲ. ಹಕ್ಕನ್ನು ವರ್ಗಾಯಿಸಿಕೊಳ್ಳುವುದಾದರೆ ಅದು ಸಹಿಯಿರುವ ಬರಹದಲ್ಲಿರಬೇಕು, ಮತ್ತು ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತವೆಂದು 19ನೇ ಕಲಮು ಹೇಳುತ್ತದೆ. ಐದು ವರ್ಷದ ಹಿಂದಿನ ಒಳ್ಳೆಯ ಚಿತ್ರವನ್ನು ಮತ್ತೆ ಫ್ಲೆಕ್ಸಿಗೆ ಏರಿಸುವ ಮುನ್ನ ಈ ಲೆಕ್ಕವನ್ನು ನೋಡಬೇಕಾಗುತ್ತದೆ.

ಕಿತ್ತೂರು ಚೆನ್ನಮ್ಮನ ಚಿತ್ರವೂ ಇದೇ ಪ್ರಶ್ನೆಗೆ ಒಳಪಟ್ಟಿದೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ, ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆದ್ದರಿಂದ ರಾಣಿಯ ಛಾಯಾಚಿತ್ರವೆಂಬುದು ಇರಲು ಸಾಧ್ಯವಿಲ್ಲ, ಇಂದು ಭಿತ್ತಿಪತ್ರಗಳಲ್ಲಿ ಕಾಣುವ ಇತ್ತೀಚಿನ ರೂಪಗಳು ಯಾರೋ ಕಲಾವಿದರ ಕೃತಿಗಳು, ಮತ್ತು ಕಲಾವಿದರ ಮರಣಾನಂತರ 60 ವರ್ಷ ಅವುಗಳಿಗೆ ಕೃತಿಸ್ವಾಮ್ಯವಿರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯ ಚಿತ್ರ ತೆಗೆದು ಪ್ರಕಟಿಸುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇರುವುದರಿಂದ ಸಂದೇಹವಿದ್ದಲ್ಲಿ ಪ್ರತಿಮೆಯ ಸ್ವಂತ ಚಿತ್ರವನ್ನು ಬಳಸುವುದು ಕ್ಷೇಮ. ಬಿ.ಆರ್. ಪಂತುಲು ನಿರ್ದೇಶಿಸಿ ಬಿ. ಸರೋಜಾದೇವಿ ರಾಣಿಯಾಗಿ ನಟಿಸಿದ ‘ಕಿತ್ತೂರು ಚೆನ್ನಮ್ಮ’ ತೆರೆಗೆ ಬಂದದ್ದು 1961ರಲ್ಲಿ. ಬಿಡುಗಡೆಯ ಮರುವರ್ಷದಿಂದ 60 ವರ್ಷ ಎಂಬ ನಿಯಮದಂತೆ ಆ ಚಲನಚಿತ್ರದ ಹಕ್ಕಿನ ಅವಧಿ 2021ರ ಕೊನೆಗೆ ಮುಗಿದಿದೆ, ಆದರೆ ಹಾಡುಗಳ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರ ಆಯುಷ್ಯಕ್ಕೆ ಅಂಟಿಕೊಂಡು ಬರುವುದರಿಂದ ಅದರ ಲೆಕ್ಕ ಬೇರೆ. ಉತ್ಸವದ ವಿಡಿಯೊಗೆ ಹಿನ್ನೆಲೆಯಾಗಿ ಚಿತ್ರಗೀತೆ ಹಾಕಿ ಯೂಟ್ಯೂಬ್‌ನಿಂದ ಹಕ್ಕಿನ ತಕರಾರು ಪಡೆಯುವವರು ಈ ಭೇದವನ್ನು ಗಮನಿಸಿರುವುದಿಲ್ಲ.

ಯಲ್ಲಮ್ಮನಗುಡ್ಡದಲ್ಲಿ ಕಾನೂನಿನ ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಇದೆ. ಭಂಡಾರ ಬಳಿದ ಮುಖ, ತಲೆಯ ಮೇಲೆ ಕೊಡ ಹೊತ್ತ ಜೋಗತಿ, ಹರಕೆ ತೀರಿಸುತ್ತಿರುವ ಹೆಂಗಸು ಇವು ಕ್ಯಾಮೆರಾಕ್ಕೆ ಆಕರ್ಷಕವಾಗಿ ಕಾಣುತ್ತವೆ ಎಂಬುದು ನಿಜ. 1982ರ ಕಾಯ್ದೆಯಿಂದ ದೇವದಾಸಿ ಸಮರ್ಪಣೆ ನಿಷಿದ್ಧವಾಗಿರುವ ಈ ರಾಜ್ಯದಲ್ಲಿ ಅಪರಿಚಿತ ಮಹಿಳೆಯೊಬ್ಬರ ಚಿತ್ರವನ್ನು ಗುಡ್ಡದ ಹೆಸರಿನ ಕೆಳಗೆ ಜಾಹೀರಾತಿಗೆ ಬಳಸಿದರೆ ನೋಡುವವರು ಅದಕ್ಕೆ ಯಾವ ಅರ್ಥ ಹಚ್ಚುತ್ತಾರೆ ಎಂಬುದನ್ನು ಪ್ರಚಾರ ತಂಡ ಯೋಚಿಸಲೇಬೇಕು. ಚೌಡಿಕೆ ಪದ ಹಾಡುವವರಿಗೆ ಪ್ರದರ್ಶಕರ ಹಕ್ಕು ಎಂಬುದಿದ್ದು, ಅವರ ಹಾಡಿಕೆಯನ್ನು ಧ್ವನಿಯಾಗಲಿ ದೃಶ್ಯವಾಗಲಿ ದಾಖಲಿಸಿ ಬಳಸಲು ಅವರ ಒಪ್ಪಿಗೆ ಬೇಕು. ಈ ಹಕ್ಕು 50 ವರ್ಷ ನಡೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಸಮ್ಮತಿಯನ್ನು ಕಡ್ಡಾಯಗೊಳಿಸುವುದಲ್ಲದೆ, ಕೊಟ್ಟ ಸಮ್ಮತಿಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವ ಅವಕಾಶವನ್ನೂ ಇಟ್ಟಿದೆ. ಯಾರಾದರೂ ಬಂದು ತಮ್ಮ ಚಿತ್ರವನ್ನು ತೆಗೆದುಹಾಕಿ ಎಂದು ಕೇಳಿದಾಗ ಅದರ ಪ್ರತಿಗಳು ಎಲ್ಲೆಲ್ಲಿವೆ ಎಂದು ತಿಳಿದಿಲ್ಲದ ತಂಡ ಆ ಮಾತನ್ನು ನಡೆಸಿಕೊಡಲಾರದು. ಸಮ್ಮತಿಯನ್ನು ಎರಡು ಸಾಲಿನ ಕನ್ನಡ ಪತ್ರದಲ್ಲಿ ಪಡೆದು, ಓದು ಬಾರದವರಿಂದ ಧ್ವನಿಮುದ್ರಣದಲ್ಲಿ ಪಡೆದು, ಚಿತ್ರದ ಹೆಸರನ್ನೇ ಆ ಕಡತಕ್ಕೂ ಇಟ್ಟು ಜೊತೆಯಲ್ಲಿ ಸೇರಿಸಿಡುವುದು ಕಷ್ಟದ ಕೆಲಸವಲ್ಲ.

ಇನ್ನು ಗಾತ್ರದ ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ವಿಡಿಯೊ ಕ್ಯಾಮೆರಾ ನಿಮಿಷಕ್ಕೆ 750 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್ ತುಂಬುತ್ತದೆ. ಮೂರು ದಿನದ ಉತ್ಸವವನ್ನು ಎರಡು ಕ್ಯಾಮೆರಾಗಳು ದಿನಕ್ಕೆ ನಾಲ್ಕು ಗಂಟೆಯಂತೆ ಹಿಡಿದರೆ 24 ಗಂಟೆಗಳ ದೃಶ್ಯ, ಅಂದರೆ 1,080 ಗಿಗಾಬೈಟ್ ಆಯಿತು. ಗೂಗಲ್ ಉಚಿತವಾಗಿ ಕೊಡುವ 15 ಗಿಗಾಬೈಟ್ ಜಾಗದಲ್ಲಿ ಇದರ 20 ನಿಮಿಷ ಮಾತ್ರ ಹಿಡಿಯುತ್ತದೆ. ಎಲ್ಲವನ್ನೂ ಉಳಿಸುತ್ತೇವೆ ಎಂಬ ಹಟ ಇಲ್ಲಿ ನಡೆಯದು. ಉತ್ಸವ ಮುಗಿದ ಹದಿನೈದು ದಿನಗಳೊಳಗೆ, ನೆನಪು ಹಸಿಯಾಗಿರುವಾಗಲೇ, ಇಬ್ಬರು ಕುಳಿತು ಅಲುಗಿದ, ಮರುಕಳಿಸಿದ, ಗುರುತು ಸಿಗದ ಕಡತಗಳನ್ನು ಅಳಿಸಬೇಕು. ನೂರು ಚಿತ್ರಗಳಲ್ಲಿ ಹತ್ತನ್ನು ಉಳಿಸಿ ಆ ಹತ್ತಕ್ಕೂ ವಿವರ ಬರೆದ ತಂಡವು ನೂರನ್ನೂ ವಿವರವಿಲ್ಲದೆ ಉಳಿಸಿಕೊಂಡ ತಂಡಕ್ಕಿಂತ ಶ್ರೀಮಂತವೆನ್ನಬೇಕು. ಬೇರೆ ಬೇರೆ ಮಾಧ್ಯಮಗಳಿಗೆ ಬೇಕಾದ ಅಳತೆಗಳು ಆಗಾಗ ಬದಲಾಗುತ್ತಿರುವುದರಿಂದ ಅವುಗಳಿಗಾಗಿ ಪ್ರತ್ಯೇಕ ಸಂಗ್ರಹ ಬೇಡ, ಮೂಲದಿಂದ ಬೇಕಾದಾಗ ಕತ್ತರಿಸಿಕೊಳ್ಳಬಹುದು.

ಉಳಿಸಿಕೊಂಡದ್ದನ್ನು ಕಾಪಾಡಲು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರ ಜಗತ್ತಿನಾದ್ಯಂತ ಬಳಕೆಯಲ್ಲಿದೆ: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಊರಿನಲ್ಲಿ. ಬೇರೆ ಊರು ಏಕೆ ಎಂಬುದನ್ನು ರಾಮದುರ್ಗದವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರಿನೊಳಗೆ ನುಗ್ಗಿದಾಗ ನೇಕಾರರ ಮನೆಗಳೂ ಮಗ್ಗಗಳೂ ನೀರು ಪಾಲಾದವು. ಅದೇ ಓಣಿಯಲ್ಲಿ ಒಂದು ಗಣಕ, ಒಂದು ಹಾರ್ಡ್‌ಡಿಸ್ಕ್ ಎಂದು ಎರಡು ಪ್ರತಿಗಳನ್ನು ಇಟ್ಟಿದ್ದರೂ ಎರಡಕ್ಕೂ ಒಂದೇ ಗತಿ ಆಗುತ್ತಿತ್ತು. ಒಂದು ಪ್ರತಿ ಕಚೇರಿಯ ಗಣಕದಲ್ಲಿ, ಒಂದು ಹಾರ್ಡ್‌ಡಿಸ್ಕ್ ಧಾರವಾಡದಲ್ಲೋ ಬೆಳಗಾವಿಯಲ್ಲೋ ಇರುವ ನಂಬಿಗಸ್ತರಲ್ಲಿ, ಆಯ್ದ ಚಿತ್ರಗಳ ಒಂದು ಪ್ರತಿ ಕ್ಲೌಡ್‌ನಲ್ಲಿ, ಅಂದರೆ ಅಂತರಜಾಲದ ಮೂಲಕ ಬಳಸುವ ದೂರದ ಶೇಖರಣೆಯಲ್ಲಿ, ಇದ್ದರೆ ಸೂತ್ರ ಪೂರ್ಣವಾಗುತ್ತದೆ. ಹಾರ್ಡ್‌ಡಿಸ್ಕನ್ನು ಕಪಾಟಿನಲ್ಲಿಟ್ಟು ಮರೆಯದೆ ವರ್ಷಕ್ಕೆ ಎರಡು ಬಾರಿಯಾದರೂ ತೆರೆದು ನೋಡಬೇಕು.

ತಂತ್ರಾಂಶದ ಮಾತು ಇಷ್ಟಾದ ಮೇಲೆ ಬರಬೇಕಾದದ್ದು. ಒಂದೇ ಗಣಕದಲ್ಲಿ ಕೆಲಸ ನಡೆಯುವ ಕಡೆ ಡಿಜಿಕ್ಯಾಮ್ ಎಂಬ ಮುಕ್ತ ತಂತ್ರಾಂಶ ಹುಡುಕುಪದ, ವಿವರಣೆ, ಹಕ್ಕಿನ ಸೂಚನೆಗಳನ್ನು ಚಿತ್ರದೊಳಗೇ ಬರೆಯುವ ಸೌಲಭ್ಯವನ್ನು ಉಚಿತವಾಗಿ ಕೊಡುತ್ತದೆ. ಹಲವು ಕಚೇರಿಗಳು ಒಂದೇ ಸಂಗ್ರಹವನ್ನು ಹಂಚಿಕೊಳ್ಳುವುದಾದರೆ ರಿಸೋರ್ಸ್‌ಸ್ಪೇಸ್‌ನಂತಹ ಮುಕ್ತ ವ್ಯವಸ್ಥೆಗಳಿವೆ. ಇವುಗಳಿಗಿಂತ ಮುಖ್ಯವಾದದ್ದು ಜವಾಬ್ದಾರಿ ಹೊತ್ತ ಒಬ್ಬ ವ್ಯಕ್ತಿ. ಹಳ್ಳಿಯ ದಫ್ತರಕ್ಕೆ ಕುಲಕರ್ಣಿಯೊಬ್ಬ ಇದ್ದಂತೆ ಚಿತ್ರ ದಫ್ತರಕ್ಕೂ ಒಬ್ಬ ಕಾರಭಾರಿ ಬೇಕು, ಹೆಸರಿಡುವುದೂ ಅಳಿಸುವುದೂ ಆತನ ಅಥವಾ ಆಕೆಯ ಒಪ್ಪಿಗೆಯಿಲ್ಲದೆ ನಡೆಯಬಾರದು. ಎಲ್ಲರ ಕೈಯಲ್ಲೂ ಗುಪ್ತಪದ ಇರುವ ಸಂಗ್ರಹಕ್ಕೆ ಯಾರೂ ಹೊಣೆಯಾಗುವುದಿಲ್ಲ.

ಹಳೆಯ ರಾಶಿಯನ್ನೆಲ್ಲ ಒಮ್ಮೆಗೇ ಸರಿಪಡಿಸಲು ಹೊರಟವರು ಅರ್ಧಕ್ಕೆ ಕೈಬಿಡುವುದೇ ಹೆಚ್ಚು. ಮುಂದಿನ ಹುಣ್ಣಿಮೆಯ ಅಥವಾ ಮುಂದಿನ ಉತ್ಸವದ ಚಿತ್ರಗಳಿಂದ ಹೊಸ ಕ್ರಮವನ್ನು ಆರಂಭಿಸಿ, ಹಳೆಯವನ್ನು ಬೇಕಾದಂತೆಲ್ಲ ಒಂದೊಂದಾಗಿ ಅದರೊಳಗೆ ತರುವುದು ಸಾಧ್ಯವಾಗುವ ದಾರಿ. ಅದಕ್ಕೂ ಮುನ್ನ ಹೆಸರುಗಳ ಪಟ್ಟಿಯೊಂದು ಸಿದ್ಧವಾಗಬೇಕು. ಅದರ ಮೊದಲ ಸಾಲಿಗೆ ರಾಮದುರ್ಗ ತಾಲ್ಲೂಕಿನ ಕೋಟೆಯ ಊರನ್ನೇ ತೆಗೆದುಕೊಳ್ಳಬಹುದು: ತೊರಗಲ್, ತೋರಗಲ್, ತೊರಗಲ್ಲು, ಶಾಸನಗಳ ತೊರಗಲೆ ಈ ನಾಲ್ಕರಲ್ಲಿ ಯಾವುದನ್ನು ಬರೆಯಬೇಕೆಂದು ತಂಡದವರು ಇಂದೇ ಕುಳಿತು ನಿರ್ಧರಿಸಲಿ.